ಓದುಗರ ಪ್ರಶ್ನೆ: ‘ಅಮ್ಮ’ ನಾಲ್ಕಕ್ಷರವಂತೆ!

ಪ್ರಶ್ನೆ: ನಮಸ್ಕಾರ ಮೇಡಂ. 34 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡಿ ನಿವೃತ್ತನಾದೆ. ಸುಮ್ನೆ ಕೂರೋಕಾಗದೆ ಮೊಮ್ಮಗಳಿಗೆ ಕನ್ನಡ ಓದು ಕಲಿಸಲು ಪವರ್‌ಪಾಯಿಂಟ್‌ನಲ್ಲಿ 40 ಪಾಠ ಮಾಡಿದೆ, ಎಲ್ಲ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದ್ದು. ಮಗಳ ಫೋನಿಗೆ ಹಾಕಿದರೆ ಅಕ್ಷರವೆಲ್ಲ ಕಲಸುಮೇಲೋಗರ. ಆಮೇಲೆ ಸ್ವಲ್ಪ ಪ್ರೋಗ್ರಾಮಿಂಗ್ ಕಲಿತು, ಪದ ಬಿಡಿಸಿ ತೋರಿಸುವ ಒಂದು ಆಟ ಬರೆದೆ. ಅದು ‘ಅಮ್ಮ’ ಕೊಟ್ಟರೆ ನಾಲ್ಕು ಚೂರು ಮಾಡುತ್ತದೆ, ‘ಸ್ತ್ರೀ’ ಕೊಟ್ಟರೆ ಆರು! ಎಲ್ಲಿ ತಪ್ಪಿದ್ದೇನೆ? ಅಳಿಯ ಇಂಜಿನಿಯರ್, ‘ಇಂಥವು ಬೇಕಾದಷ್ಟಿವೆ ಮಾವ, ಯಾಕೆ ಒದ್ದಾಡ್ತೀರಿ’ ಅನ್ನುತ್ತಾರೆ. ಮುಂದುವರಿಸಲೋ ಬೇಡವೋ?
– ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಮುಂದುವರಿಸಿ ಮೇಷ್ಟ್ರೇ. ಅಳಿಯಂದಿರು ಹೇಳಿದ್ದು ಅರ್ಧ ನಿಜ. ಆ್ಯಪ್ ಬೇಕಾದಷ್ಟಿವೆ, ಆದರೆ ಜಾಸ್ತಿ ಪಾಲು ‘ಅ ಅಂದ್ರೆ ಅರಸ’ ಅಂತ ಚಿತ್ರ ತೋರಿಸಿ, ಚಪ್ಪಾಳೆ ಹೊಡೆದು, ನಕ್ಷತ್ರ ಕೊಟ್ಟು ಮುಗಿಸುತ್ತವೆ. ಮಗು ಎಲ್ಲಿ ಎಡವುತ್ತದೆ ಅನ್ನೋದು ಅದನ್ನು ಬರೆದವರಿಗೆ ಗೊತ್ತಿಲ್ಲ. ನಿಮಗೆ ಗೊತ್ತು.

ಮೊದಲು ‘ಅಮ್ಮ’ನ ಕತೆ. ತಪ್ಪು ನಿಮ್ಮದಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಈಗಿನ ಫೋನು, ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಲ್ಲಿ, ಕನ್ನಡವನ್ನು ನಾವು ನೋಡುವ ಹಾಗೆ ಅಕ್ಷರ ಅಕ್ಷರವಾಗಿ ಇಟ್ಟಿಲ್ಲ, ಬಿಡಿ ಭಾಗಗಳಾಗಿ ಇಟ್ಟಿದ್ದಾರೆ. ‘ಅಮ್ಮ’ ಅಂದರೆ ಅ, ಮ, ಹಲಂತ ಚಿಹ್ನೆ (‘ಮ’ವನ್ನು ‘ಮ್’ ಮಾಡುವ ಗುರುತು), ಇನ್ನೊಂದು ಮ. ನಾಲ್ಕಾಯ್ತಲ್ಲ. ‘ಸ್ತ್ರೀ’ಯಲ್ಲಿ ಸ, ಹಲಂತ, ತ, ಹಲಂತ, ರ, ಕೊನೆಗೆ ದೀರ್ಘದ ಚಿಹ್ನೆ. ಕಂಪ್ಯೂಟರ್ ಎಣಿಸಿದ್ದು ಸರಿಯಾಗೇ ಇದೆ, ಆದರೆ ಮಗುವಿಗೆ ಅದು ಒಂದೇ ಅಕ್ಷರ. ಹಾಗಾಗಿ ಒಡೆಯುವ ಕೆಲಸವನ್ನು ಪ್ರೋಗ್ರಾಮಿಂಗ್ ಭಾಷೆಯ ಸಿದ್ಧ ಆದೇಶಕ್ಕೆ ಬಿಡದೆ ನೀವೇ ನಾಲ್ಕು ಸಾಲು ಬರೆದುಕೊಳ್ಳಿ. ಸ್ವರವೋ ವ್ಯಂಜನವೋ ಬಂದರೆ ಹೊಸ ಅಕ್ಷರ ಶುರು. ಆದರೆ ಅದರ ಹಿಂದೆಯೇ ಹಲಂತ ಕೂತಿದ್ದರೆ ಹಿಂದಿನದಕ್ಕೇ ಅಂಟಿಸಿ. ಗುಣಿತದ ಚಿಹ್ನೆ, ಹಲಂತ, ಅನುಸ್ವಾರ, ವಿಸರ್ಗ ಯಾವುದು ಬಂದರೂ ಅದೂ ಹಿಂದಿನದಕ್ಕೇ. ‘ಬಸ್‌ಗೆ’ ಥರದ ಪದದಲ್ಲಿ ಸ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಚಿಹ್ನೆ ಇರುತ್ತದೆ, ಅದನ್ನೂ ಹಿಂದಿನದಕ್ಕೇ ಸೇರಿಸಿ. ಇಷ್ಟಾದರೆ ‘ಅಮ್ಮ’ ಎರಡಕ್ಷರ, ‘ಸ್ತ್ರೀ’ ಒಂದಕ್ಷರ, ನೀವು ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೆ.

ಇನ್ನು ‘ಸೂರ್ಯ’. ಈ ನಿಯಮ ಹಾಕಿದರೆ ಅದು ಸೂ + ರ್ಯ ಆಗುತ್ತದೆ, ಸರಿಯೇ. ಆದರೆ ಪರದೆ ಮೇಲೆ ಯ ಮೊದಲು ಬಂದು ಅರ್ಕಾವತ್ತು ಆಮೇಲೆ ಕಾಣುತ್ತದೆ, ಓದುವಾಗ ಅದೇ ಮೊದಲು! ನಮ್ಮ ಬೀದಿಯ ಎರಡನೇ ಕ್ಲಾಸಿನ ಹುಡುಗನ ಪಕ್ಕ ಒಮ್ಮೆ ಕೂತು ನೋಡಿದ್ದೆ. ‘ಸೂ’ ಅಂದ, ಬೆರಳನ್ನು ‘ಯ’ ಮೇಲೆ ಇಟ್ಟು ‘ಸೂಯ’ ಅಂದ, ಆಮೇಲೆ ಪಕ್ಕದಲ್ಲಿದ್ದ ಆ ಕೊಕ್ಕೆಯನ್ನು ನೋಡಿ, ತಲೆ ಎತ್ತಿ ನನ್ನ ಮುಖ ನೋಡಿದ. ಅವನದೇನು ತಪ್ಪು, ಎಡದಿಂದ ಬಲಕ್ಕೆ ಓದು ಅಂತ ನಾವೇ ತಾನೇ ಹೇಳಿಕೊಟ್ಟಿದ್ದು? ಇಲ್ಲಿ ನಿಮ್ಮ ಸಾಫ್ಟ್‌ವೇರ್ ಒಂದು ಒಳ್ಳೇ ಕೆಲಸ ಮಾಡಬಹುದು. ರ ಮೇಲಿದ್ದು ಅದರ ಕೆಳಗೆ ಯ ಒತ್ತು ಬರುವ ರೂಪವೂ ಕನ್ನಡದಲ್ಲಿ ಇದೆಯಲ್ಲ, ಅದನ್ನು ಮೊದಲು ತೋರಿಸಿ. ಮಗು ಓದಿದ ಮೇಲೆ ಒಂದು ಸಲ ಮುಟ್ಟಿದರೆ ಅದು ಅರ್ಕಾವತ್ತಿನ ರೂಪಕ್ಕೆ ತಿರುಗಲಿ. ಹಿಂದೆ ಮುಂದೆ ಹತ್ತು ಸಲ ತಿರುಗಿಸಿ ಆಡಲಿ, ಬೇಜಾರಾಗುವಷ್ಟು. ಕರ್ಪೂರ, ಮಾರ್ಗ, ವರ್ಷ, ಸರ್ಪ ಅಂತ ಪದಕ್ಕೇನು ಕೊರತೆ. ಪುಸ್ತಕದಿಂದ ಇದು ಆಗಲ್ಲ.

ಪಾಠದ ಕ್ರಮದ ಬಗ್ಗೆ ನಿಮಗೆ ನಾನು ಹೇಳುವುದು ಅಧಿಕಪ್ರಸಂಗ ಆದೀತು, ಆದರೂ ಹೇಳುತ್ತೇನೆ. ದಯವಿಟ್ಟು ಅ, ಆ, ಇ, ಈ ಅಂತ ಶುರು ಮಾಡಬೇಡಿ. ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ನೀವು ಅದರಲ್ಲೇ ಪಾಠ ಮಾಡಿರುತ್ತೀರಿ. ಅಲ್ಲಿನ ಹಾಗೆ ‘ರ ಗ ಸ ದ ಅ’ ಐದೇ ಅಕ್ಷರ ಬಂದರೆ ಸರ, ದರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಮೊದಲ ವಾರವೇ ಮಗುವಿಗೆ ‘ನಂಗೆ ಓದೋಕೆ ಬರತ್ತೆ’ ಅನ್ನಿಸಬೇಕು. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ನಾವು ಹಗುರವಾಗಿ ಹೇಳುತ್ತೇವೆ. 34 ವ್ಯಂಜನಕ್ಕೆ ಹದಿನೈದರಂತೆ ಕಾಗುಣಿತ ಹಾಕಿದರೆ 510 ರೂಪ, ಒತ್ತಕ್ಷರ ಅದರ ಮೇಲೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ನಮ್ಮ ಅಕ್ಷರ ಕಲಿಕೆ ಒಂದು ವರ್ಷಕ್ಕೆ ಮುಗಿಯುವುದಲ್ಲ, ಕೆಲವು ವರ್ಷ ಎಳೆಯುತ್ತದೆ. ಆದ್ದರಿಂದ ನಿಮ್ಮ ಸಾಫ್ಟ್‌ವೇರ್ ಮಗುವನ್ನು ಓಡಿಸದಿರಲಿ. ಟಿಕ್ ಟಿಕ್ ಅನ್ನುವ ಗಡಿಯಾರವಂತೂ ಬೇಡವೇ ಬೇಡ.

ಹಳೇ ನುಡಿಯ ಪಾಠಗಳನ್ನು ಬಿಸಾಡಬೇಡಿ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರುತ್ತವೆ. ಫೋನಿನಲ್ಲಿ ಆ ಫಾಂಟ್ ಇಲ್ಲದ್ದರಿಂದ ವೇಷ ಕಳಚಿ ಬೀಳುತ್ತದೆ ಅಷ್ಟೆ. ಈ ಹಳೇ ಪದ್ಧತಿಯಿಂದ (ಇದನ್ನು ಆಸ್ಕಿ ಅನ್ನುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಎಡವಟ್ಟಾಗುವುದು ಅಲ್ಲೇ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ದುಂಡಗೆ ಮುದ್ದಾಗಿರುವ ಬಾಲೂ ತಮ್ಮ ಹಾಕಬಹುದು, ಎರಡೂ ಮುಕ್ತ ಪರವಾನಗಿಯವು.

ಧ್ವನಿ ನಿಮ್ಮದೇ ಇರಲಿ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕತೆ ಓದಿ ರೆಕಾರ್ಡ್ ಮಾಡಿ. ಪ್ರತಿ ಪದ ಶುರುವಾಗುವ ಕಡೆ ಲೇಬಲ್ ಹಾಕುತ್ತಾ ಹೋದರೆ ಯಾವ ಪದ ಎಷ್ಟನೇ ಸೆಕೆಂಡಿಗೆ ಅನ್ನುವ ಪಟ್ಟಿಯನ್ನು ಅದು ಪಠ್ಯದ ಕಡತವಾಗಿ ಕೊಡುತ್ತದೆ. ಅದನ್ನು ನಿಮ್ಮ ಪ್ರೋಗ್ರಾಮಿಗೆ ಕೊಟ್ಟರೆ ನೀವು ಓದುತ್ತಿದ್ದ ಹಾಗೆ ಪದದ ಬಣ್ಣ ಬದಲಾಗುತ್ತದೆ, ಮಗುವಿನ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಟಿವಿ ಹಾಡುಗಳ ಕೆಳಗೆ ಅದೇ ಭಾಷೆಯ ಸಾಲು ಹಾಕಿ ಬಣ್ಣ ಬದಲಿಸಿದರೆ ಜನ ಓದು ರೂಢಿಸಿಕೊಳ್ಳುತ್ತಾರೆ ಅಂತ ಐಐಎಂ ಅಹಮದಾಬಾದಿನಲ್ಲಿದ್ದ ಬ್ರಿಜ್ ಕೊಠಾರಿ 1996ರಿಂದ ಮಾಡಿಕೊಂಡು ಬಂದದ್ದೂ ಇದೇ ಉಪಾಯ. 40 ಪಾಠಕ್ಕೂ ಒಟ್ಟಿಗೆ ಕೂರಬೇಡಿ, ಬೆನ್ನು ಹೋಗುತ್ತದೆ. ಒಂದು ಮಾಡಿ, ಮೊಮ್ಮಗಳ ಮುಂದಿಡಿ, ಬಾಯಿ ಮುಚ್ಚಿಕೊಂಡು ನೋಡಿ. (ಮೇಷ್ಟ್ರುಗಳಿಗೆ ಅದೇ ಕಷ್ಟ. ನಮ್ಮಪ್ಪನೂ ಮೇಷ್ಟ್ರು, ಅದಕ್ಕೇ ಹೇಳಿದೆ.)

ಎಲ್ಲವನ್ನೂ ಬ್ರೌಸರ್‌ನಲ್ಲಿ ತೆರೆಯುವ ಪುಟವಾಗಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿಬಿಟ್ಟರೆ ಶಾಲೆಯ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಪ್ಲೇ ಸ್ಟೋರ್ ಆಮೇಲೆ ನೋಡಿಕೊಳ್ಳಿ. ಅಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್ ಕಟ್ಟಬೇಕು. ಮಗುವಿನ ಹೆಸರು, ಶಾಲೆ, ಫೋಟೋ ಯಾವುದನ್ನೂ ಕೇಳಲೇಬೇಡಿ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ತೆಗೆದುಕೊಳ್ಳಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಆ ಉಸಾಬರಿ ನಮಗ್ಯಾಕೆ?

ಪ್ರಶ್ನೆ: ನಾನೂ ನಿವೃತ್ತ ಶಿಕ್ಷಕಿ. ನನ್ನ ಆ್ಯಪ್‌ಗೆ ನಾವೆಲ್ಲ ಬಾಯಿಪಾಠ ಮಾಡಿದ ಹಳೇ ಮಕ್ಕಳ ಪದ್ಯ ಹಾಕಬಹುದಾ? ಹಣಕ್ಕಾಗಿ ಅಲ್ಲ.
– ಧಾರವಾಡ

ಉತ್ತರ: ಹಣ ತೊಗೊಳ್ಳಲ್ಲ ಅಂದ ಮಾತ್ರಕ್ಕೆ ಹಾಕಬಹುದು ಅಂತಲ್ಲ ಟೀಚರ್. ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ಹೋದರು, ಅವರದ್ದನ್ನು ಧಾರಾಳವಾಗಿ ಹಾಕಿ. ಜಿ.ಪಿ. ರಾಜರತ್ನಂ ಹೋದದ್ದು 1979ರಲ್ಲಿ, ಅವರ ಪದ್ಯಗಳಿಗೆ 2039ರ ಕೊನೆಯವರೆಗೂ ಅನುಮತಿ ಬೇಕು. ಅಜ್ಜಿಯಿಂದ ಬಾಯಿಗೆ ಬಾಯಿ ಬಂದ ಒಗಟು, ಶಿಶುಪ್ರಾಸಕ್ಕೆ ಈ ತಕರಾರಿಲ್ಲ. ಚಿತ್ರ ಸಮೇತ ಕತೆ ಬೇಕಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ. ಅಲ್ಲಿ ಕನ್ನಡ ಕತೆಗಳೂ ಇವೆ, ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಬಳಸಬಹುದು. ಹೆಸರು ಹಾಕೋದು ಮರೀಬೇಡಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಏಳು ವರ್ಷದ ಮಗ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರಲ್ಲ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಕಲಿಸಬಹುದಾ?

ಉತ್ತರ: ಬೇಡ. ಬಳ, ಬಾಳ, ಬಾಲ ಮೂರೂ ಇಂಗ್ಲಿಷ್ ಲಿಪಿಯಲ್ಲಿ ಒಂದೇ ಥರ ಕಾಣುತ್ತವೆ. ಮಾತು ಬರುವ ಮಗುವಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ. ಮೇಲೆ ಹೇಳಿದ ಐದು ಅಕ್ಷರದಿಂದ ಶುರು ಮಾಡಿ, ದಿನಕ್ಕೆ ಹತ್ತು ನಿಮಿಷ. ಅಜ್ಜಿ-ತಾತ ಊರಲ್ಲಿದ್ದರೆ ಕತೆಯೊಂದನ್ನು ಓದಿ ವಾಟ್ಸ್ಆ್ಯಪ್‌ನಲ್ಲಿ ಕಳಿಸೋಕೆ ಹೇಳಿ, ಅದೇ ಪುಟವನ್ನು ಅವನ ಮುಂದೆ ಬಿಡಿಸಿಡಿ.