ಮಾತ್ರೆ ತಪ್ಪಿಸಿರಲಿಲ್ಲ, ಆದರೂ ಹೀಗೇಕಾಯಿತು?

ಪ್ರಶ್ನೆ: ನನಗೆ 27 ವರ್ಷ. ಸೋಮವಾರಪೇಟೆ ಬಳಿಯ ಕಾಫಿ ತೋಟದಲ್ಲಿ ನಮ್ಮ ಮನೆ. ಕಳೆದ ವರ್ಷ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಬೆನ್ನುಹುರಿ ಮುಚ್ಚಿಕೊಂಡಿಲ್ಲವೆಂದು ತಿಳಿದು ಗರ್ಭ ತೆಗೆಸಬೇಕಾಯಿತು. ಮೂರನೇ ತಿಂಗಳಿಂದ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಗ್ರಹಣದ ದಿನ ಅಂಗಳಕ್ಕೆ ಇಳಿದದ್ದೇ ಕಾರಣವೆಂದು ಅತ್ತೆಯವರು ಹೇಳುತ್ತಾರೆ. ಮತ್ತೊಂದು ಮಗು ಬೇಕೆಂದಿದೆ. ಏನು ಮಾಡಬೇಕು?

ಉತ್ತರ: ಗ್ರಹಣಕ್ಕೂ ಈ ದೋಷಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮ ಅತ್ತೆಯವರಿಗೂ ಈ ಉತ್ತರವನ್ನು ಓದಿ ಹೇಳಿ. ಮೊಮ್ಮಗುವನ್ನು ಕಳೆದುಕೊಂಡ ನೋವು ಅವರಿಗೂ ಇದೆ.

ಮಗುವಿನ ಮೆದುಳು ಮತ್ತು ಬೆನ್ನುಹುರಿ ಮೊದಲಿಗೆ ಒಂದು ಚಪ್ಪಟೆ ಪಟ್ಟಿಯಂತಿದ್ದು, ಅದರ ಎರಡು ಅಂಚುಗಳು ಮೇಲೆದ್ದು ಕೂಡಿಕೊಂಡು ಕೊಳವೆಯಾಗುತ್ತವೆ. ಗರ್ಭ ಕಟ್ಟಿದ 28 ದಿನಗಳೊಳಗೆ, ಎಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ, ಈ ಕೆಲಸ ಮುಗಿದಿರುತ್ತದೆ. ಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲವೆಂಬ ವಿಟಮಿನ್ ಆ ದಿನಗಳಲ್ಲೇ ತಾಯಿಯ ದೇಹದಲ್ಲಿ ಸಾಕಷ್ಟಿರಬೇಕು. ನೀವು ಮೂರನೇ ತಿಂಗಳಲ್ಲಿ ಮೊದಲ ಮಾತ್ರೆ ನುಂಗುವಾಗ ಆ ಹೊತ್ತು ದಾಟಿತ್ತು. ಇದು ನಿಮ್ಮ ತಪ್ಪಲ್ಲ. ಮದುವೆಯಾದ ಹೆಣ್ಣುಮಕ್ಕಳಿಗೆ ಇದನ್ನು ಮೊದಲೇ ತಿಳಿಸದ ನಮ್ಮ ವೈದ್ಯರ ಲೋಪವೆಂದೇ ನಾನು ಭಾವಿಸುತ್ತೇನೆ.

ಒಮ್ಮೆ ಹೀಗಾದವರಲ್ಲಿ ಮರುಕಳಿಸುವ ಸಾಧ್ಯತೆ ನೂರಕ್ಕೆ ಎರಡರಿಂದ ಐದರಷ್ಟಿರುತ್ತದೆ. ಇಂತಹ ತಾಯಂದಿರಿಗೆ ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟಾಗ ಆ ಸಾಧ್ಯತೆ ಸುಮಾರು ಮುಕ್ಕಾಲು ಪಾಲು ಇಳಿಯುತ್ತದೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಇತರ ಮಹಿಳೆಯರಿಗೆ 0.4 ಮಿಲಿಗ್ರಾಂ ಸಾಕು, ನಿಮಗೆ ಸಾಲದು. ನಮ್ಮಲ್ಲಿ ಸಿಗುವ 5 ಮಿಲಿಗ್ರಾಂ ಮಾತ್ರೆಯನ್ನು ವೈದ್ಯರ ಸಲಹೆಯಂತೆ, ಗರ್ಭಕ್ಕೆ ಪ್ರಯತ್ನಿಸುವ ಮೂರು ತಿಂಗಳ ಮೊದಲೇ ಆರಂಭಿಸಿ, ಗರ್ಭದ 12 ವಾರಗಳವರೆಗೆ ಮುಂದುವರಿಸಿ. ಆರಂಭಿಸುವ ಮುನ್ನ ರಕ್ತದಲ್ಲಿ ವಿಟಮಿನ್ ಬಿ12 ಪ್ರಮಾಣ ಪರೀಕ್ಷಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದೊಂದಿಗೆ ಅರ್ಧ ಮಿಲಿಗ್ರಾಂ ಫೋಲಿಕ್ ಆಮ್ಲವಷ್ಟೇ ಇರುತ್ತದೆ. ಹತ್ತು ಮಾತ್ರೆ ನುಂಗಿ ಲೆಕ್ಕ ಸರಿಮಾಡಲು ಹೊರಟರೆ ಕಬ್ಬಿಣವೇ ವಿಷವಾದೀತು. ಸೊಪ್ಪು, ಹೆಸರುಕಾಳು ಅವಶ್ಯವಾಗಿ ತಿನ್ನಿ, ಆದರೆ ಅವು ಮಾತ್ರೆಯ ಬದಲಿಯಲ್ಲ.

ಸಕ್ಕರೆ ಕಾಯಿಲೆಯಿದ್ದರೆ ಗರ್ಭಕ್ಕೆ ಮೊದಲೇ ಹತೋಟಿಗೆ ತನ್ನಿ. ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ಸೇವಿಸುತ್ತಿದ್ದರೆ ಅದೂ ಈ ದೋಷವನ್ನು ಹೆಚ್ಚಿಸುವ ಔಷಧವೇ. ಆದರೆ ನೀವಾಗಿಯೇ ನಿಲ್ಲಿಸದೆ ನರರೋಗ ತಜ್ಞರಿಂದ ಬದಲಿಸಿಕೊಳ್ಳಿ. ರುಬೆಲ್ಲಾ ಲಸಿಕೆ ಆಗಿರದಿದ್ದರೆ ಈಗಲೇ ಹಾಕಿಸಿ, ಬಳಿಕ ಒಂದು ತಿಂಗಳು ಗರ್ಭ ಧರಿಸದಂತೆ ನೋಡಿಕೊಳ್ಳಿ. ಹಬ್ಬದ ದಿನ ಮನೆಯಲ್ಲಿ ಮಾಡಿದ ವೈನ್ ಒಂದು ಗುಟುಕಾದರೂ ಕುಡಿಯಬೇಕೆಂದು ಯಾರಾದರೂ ಒತ್ತಾಯಿಸಿದರೆ, ಪ್ರಯತ್ನ ಆರಂಭಿಸಿದ ದಿನದಿಂದಲೇ ಬೇಡವೆನ್ನಿ. ತೋಟದಲ್ಲಿ ಔಷಧಿ ಹೊಡೆಯುವಾಗ, ಕೀಟನಾಶಕ ಕಲಸುವ ಡ್ರಮ್ಮಿನ ಬಳಿ ಹೋಗಬೇಡಿ, ಆ ಕೆಲಸ ಮಾಡಿದವರ ಬಟ್ಟೆಯನ್ನು ನೀವು ಒಗೆಯಬೇಡಿ.

ಗರ್ಭ ನಿಂತ ಮೇಲೆ 11ರಿಂದ 13ನೇ ವಾರದಲ್ಲಿ ಒಂದು ಸ್ಕ್ಯಾನಿಂಗ್, 18ರಿಂದ 20ನೇ ವಾರದಲ್ಲಿ ಮತ್ತೊಂದು ಮಾಡಿಸಿ. ಮೊದಲ ಭೇಟಿಗೇ ಹಿಂದಿನ ಗರ್ಭದ ಸ್ಕ್ಯಾನಿಂಗ್ ವರದಿಯನ್ನು ಕೊಂಡೊಯ್ದು ವೈದ್ಯರ ಕೈಗೆ ಕೊಡಿ.