ಡಿಸ್‌ಪ್ಲೇ ಬರಲಿಲ್ಲವೆಂದು ಮದರ್‌ಬೋರ್ಡ್ ಬದಲಿಸಬೇಡಿ

ಮಳೆ ಹಿಡಿದ ಮೇಲೆ ನನಗೆ ಬರುವ ಕಂಪ್ಯೂಟರ್ ರಿಪೇರಿಯ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಅವಕ್ಕೆ ಹಿಂದೆಯೂ ಉತ್ತರಿಸಿದ್ದೇನೆ. ಮನೆಯಲ್ಲಿಯೇ ಹತ್ತು ನಿಮಿಷದಲ್ಲಿ ಸರಿಹೋಗುವ ತೊಂದರೆಗೆ ಜನರು ಆ ಮಳೆಯಲ್ಲಿ ಬಾಡಿಗೆ ಜೀಪು ಮಾಡಿಕೊಂಡು ಮಡಿಕೇರಿಗೆ ಬಂದು, ಬೇಡದ ಬಿಡಿಭಾಗಕ್ಕೆ ಸಾವಿರಾರು ರೂಪಾಯಿ ತೆತ್ತು ಹೋಗುವುದನ್ನು ಈ ವರ್ಷವೂ ನೋಡಿದ್ದರಿಂದ ಮತ್ತೊಮ್ಮೆ ಬರೆಯುತ್ತಿದ್ದೇನೆ. ಕರೆಂಟ್ ಇದೆಯೇ, ಪ್ಲಗ್ ಸರಿಯಾಗಿ ಕೂತಿದೆಯೇ ಎಂಬುದನ್ನು ನೀವು ನೋಡಿದ್ದೀರಿ ಎಂದುಕೊಂಡೇ ಮುಂದಿನದನ್ನು ಹೇಳುತ್ತೇನೆ.

ಬೇಸಿಗೆಯಲ್ಲಿ ಚೆನ್ನಾಗಿದ್ದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಈಗ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಫೋನಿನಲ್ಲಿ ಕೇಳಿದಾಗ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎಂದರು. ನಾವೇ ಏನಾದರೂ ಮಾಡಿ ನೋಡಬಹುದೆ? (ನಾಪೋಕ್ಲುವಿನ ಓದುಗರು)

ಖಂಡಿತ ನೋಡಬಹುದು. ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕ) ಹೋಗಿದೆ ಎಂಬುದು ಉಳಿದೆಲ್ಲ ಪರೀಕ್ಷೆಗಳು ಮುಗಿದ ಮೇಲೆ ಆಡಬೇಕಾದ ಮಾತು. ಪೆಟ್ಟಿಗೆಯ ಮುಚ್ಚಳವನ್ನೇ ತೆಗೆಯದೆ ಹಾಗೆ ಹೇಳುವವರ ಕೈಗೆ ಕಂಪ್ಯೂಟರ್ ಕೊಡಬೇಡಿ.

ಮೊದಲು ಮಾನಿಟರನ್ನು ನೋಡಿ. ಅದರ ಮೇಲೆ ‘ನೋ ಸಿಗ್ನಲ್’ ಎಂದು ಬರುತ್ತಿದ್ದರೆ ಮಾನಿಟರಿಗೆ ಜೀವವಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ ಅಷ್ಟೆ. ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು. ಧೂಳು ಒರೆಸುವಾಗ ಬಿಚ್ಚಿ, ಮರೆತು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದವರು ಬಹಳ ಮಂದಿ ಇದ್ದಾರೆ.

ಇದರಿಂದ ಸರಿಹೋಗದಿದ್ದರೆ, ನಮ್ಮ ಕಡೆಯ ಮಳೆಗಾಲದಲ್ಲಿ ನಾನು ಮೊದಲು ಸಂಶಯಪಡುವುದು ಕೆಲಸದ ಹೊತ್ತಿನ ಮಾಹಿತಿಯನ್ನು ಹಿಡಿದಿಡುವ ರ‍್ಯಾಮನ್ನು. ರ‍್ಯಾಮ್ ಪಟ್ಟಿಯ ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲಿರುತ್ತದೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ನಿಜ. ಆದರೆ ಅಲ್ಲಿರುವ ಚಿನ್ನದ ಲೇಪ ಬಹಳ ತೆಳುವಾದದ್ದು, ಅದು ಸವೆದ ಕಡೆ ಒಳಗಿನ ಲೋಹಕ್ಕೆ ತೇವ ತಾಗಿ ಮಸುಕು ಪದರವೊಂದು ಕೂರುತ್ತದೆ, ಅದರ ಮೇಲೆ ಧೂಳು ಥಂಡಿ ಹೀರಿಕೊಂಡು ಅಂಟಿಕೊಳ್ಳುತ್ತದೆ. ಒಂದೆರಡು ಹಲ್ಲುಗಳಿಗೆ ಸಂಪರ್ಕ ತಪ್ಪಿದರೂ ಸಾಕು, ಕಂಪ್ಯೂಟರ್ ಆರಂಭದಲ್ಲಿಯೇ ನಿಂತುಬಿಡುತ್ತದೆ. ಫ್ಯಾನಿಗೆ ಬೇಕಾದದ್ದು ಕರೆಂಟ್ ಮಾತ್ರ, ಆದ್ದರಿಂದ ಅದು ತಿರುಗುತ್ತಲೇ ಇರುತ್ತದೆ. ಕೆಲವು ಕಂಪ್ಯೂಟರುಗಳು ಇಂತಹ ಹೊತ್ತಿನಲ್ಲಿ ಬೀಪ್ ಎಂದು ಕೂಗುತ್ತವೆ. ಎಷ್ಟು ಸಲ, ಉದ್ದವಾಗಿಯೋ ಗಿಡ್ಡವಾಗಿಯೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ರಿಪೇರಿಯವರ ಬಳಿ ಹೋಗಬೇಕಾಗಿ ಬಂದರೆ ಅವರಿಗೆ ಬೇಕಾದ ಮಾಹಿತಿ ಅದೇ.

ಸ್ವಿಚ್ ಆರಿಸಿ, ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು, ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಸರಿಸಿ. ಒಳಗೆ ಕೈ ಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ನಿಮ್ಮ ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ರ‍್ಯಾಮನ್ನು ಸುಡಬಲ್ಲದು. ಪಟ್ಟಿಯ ತುದಿಯ ಕೊಂಡಿಯನ್ನು ಹೊರಕ್ಕೆ ಒತ್ತಿ, ನೇರವಾಗಿ ಮೇಲಕ್ಕೆ ಎಳೆಯಿರಿ. ಅಂಚುಗಳಲ್ಲಿ ಮಾತ್ರ ಹಿಡಿದು, ಮಕ್ಕಳು ಬಳಸುವ ಬಿಳಿಯ ಮೆದು ರಬ್ಬರಿನಿಂದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ರಬ್ಬರಿನ ಪುಡಿ ಒಂದಿಷ್ಟೂ ಉಳಿಯದಂತೆ ಒಣ ಬ್ರಷ್ಷಿನಿಂದ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕಿದರೆ ಅದು ರಬ್ಬರಿಗಿಂತ ಒಳ್ಳೆಯದು. ಮತ್ತೆ ಕೂರಿಸುವಾಗ ಕೊಂಡಿ ‘ಟಕ್’ ಎಂದು ತಾನಾಗಿ ಬೀಳುವವರೆಗೆ ಒತ್ತಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ದೋಷ ಯಾವುದರಲ್ಲಿತ್ತು ಎಂಬುದು ನಿಮಗೂ ತಿಳಿಯದು, ನಮಗೂ ತಿಳಿಯದು.

ಕಳೆದ ಕಕ್ಕಡದಲ್ಲಿ (ಜೋರು ಮಳೆಯ ಕೊಡವ ತಿಂಗಳು) ಭಾಗಮಂಡಲದ ಕಡೆಯ ಹಿರಿಯರೊಬ್ಬರು ಗೊಬ್ಬರದ ಚೀಲದಲ್ಲಿ ಸುತ್ತಿ ಒಂದು ಕಂಪ್ಯೂಟರ್ ತಂದಿದ್ದರು. ಹೊಸ ಮದರ್‌ಬೋರ್ಡ್ ಹಾಕಬೇಕೆಂದು ಬೇರೊಂದು ಕಡೆ ಅವರಿಗೆ ಆಗಲೇ ಹೇಳಿಯಾಗಿತ್ತು. ತಗಡು ಸರಿಸಿದರೆ ಒಳಗೆ ಬೂಷ್ಟಿನ ವಾಸನೆ. ಮೂಲೆಯಲ್ಲಿ ಇರುವೆಗಳು ಮೊಟ್ಟೆ ಸಾಲಿಟ್ಟಿದ್ದವು. ರ‍್ಯಾಮಿನ ಹಲ್ಲುಗಳು ಹಳೆಯ ಹಿತ್ತಾಳೆಯಂತೆ ಕಂದಿದ್ದವು. ಇರುವೆಗಳನ್ನು ಗುಡಿಸಿ, ಹಲ್ಲು ಉಜ್ಜಿ ಕೂರಿಸಿದೊಡನೆ ಪರದೆ ಬೆಳಗಿತು. ಅವರು ತಮ್ಮ ತೋಟದ ಹತ್ತು ವರ್ಷಗಳ ಲೆಕ್ಕವನ್ನು ಅದರಲ್ಲಿಯೇ ಇಟ್ಟಿದ್ದರು, ಬೇರೆಲ್ಲಿಯೂ ಪ್ರತಿ ಇರಲಿಲ್ಲ. ಅಂದೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಕೊಟ್ಟೆ.

ಕೆಲವು ಕೆಲಸಗಳನ್ನು ಯಾವ ಕಾರಣಕ್ಕೂ ಮಾಡಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ನೀರು, ಗ್ಲಿಸರಿನ್ ಇರುತ್ತವೆ, ಅದರಿಂದ ಬೋರ್ಡ್ ಒರೆಸಬಾರದು. ಕಾಳುಮೆಣಸು, ಮೀನು ಒಣಗಿಸಿದಂತೆ ಕಂಪ್ಯೂಟರನ್ನು ಒಲೆಯ ಬಳಿ ಇಡಬಾರದು. ತೇವ ಹೋಗುವ ಮೊದಲು ಹೊಗೆಯ ಮಸಿ ಒಳಗೆ ಕೂತಿರುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗಿರುತ್ತದೆ. ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದ ನಾನೂ ಅದನ್ನು ಬಿಚ್ಚುವುದಿಲ್ಲ, ಬದಲಿಸುತ್ತೇನೆ. ಸುಟ್ಟ ವಾಸನೆ ಬಂದರೆ ಅಥವಾ ಫ್ಯಾನೇ ತಿರುಗದಿದ್ದರೆ ನಿಮ್ಮ ಪ್ರಯತ್ನವನ್ನು ಅಲ್ಲಿಗೆ ನಿಲ್ಲಿಸಿ.

ಮಳೆಗಾಲದಲ್ಲಿ ಕಂಪ್ಯೂಟರನ್ನು ದಿನಕ್ಕೊಂದು ಗಂಟೆಯಾದರೂ ಚಾಲೂ ಇಡಿ. ಅದರದೇ ಬಿಸಿಗೆ ಒಳಗಿನ ಥಂಡಿ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಅದರ ಬದಲು ಹತ್ತಿಯ ಬಟ್ಟೆ ಹೊದಿಸಿ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಈ ಕಾಟ ಇಷ್ಟಿಲ್ಲ. ಮಂಜು ಕಿಟಕಿಯಿಂದ ಒಳಗೇ ಬರುವ ನಮಗೆ ಇದು ತಪ್ಪದು.

ಯಾವ ಬ್ಯಾಂಕಿನ ತಾಣವೂ ತೆರೆಯುತ್ತಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂದು ಬರುತ್ತದೆ. ವೈರಸ್ಸೇ? (ಸೋಮವಾರಪೇಟೆ)

ವೈರಸ್ಸೆಂದು ಹೆದರುವ ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕ ನೋಡಿ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂತಹ ಸೆಲ್ ಮುಗಿದಾಗ, ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ತಾಣಗಳ ಭದ್ರತಾ ಪ್ರಮಾಣಪತ್ರ ಆ ದಿನಾಂಕಕ್ಕೆ ಹೊಂದದೆ ಬ್ರೌಸರ್ ಬಾಗಿಲು ಹಾಕುತ್ತದೆ. ‘ಸಿಆರ್ 2032’ ಎಂದು ಕೇಳಿ, 3 ವೋಲ್ಟಿನ ಆ ಸೆಲ್ ತಂದು ಹಾಕಿ, ದಿನಾಂಕ ಸರಿಪಡಿಸಿ.

ದಿನವೂ ಶಟ್‌ಡೌನ್ ಮಾಡಿ ಆನ್ ಮಾಡಿದರೂ ನಿಧಾನ. ಫಾರ್ಮ್ಯಾಟ್ ಹೊಡೆಸಬೇಕೆ? (ಗೋಣಿಕೊಪ್ಪ)

ಬೇಡ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಮಾಡಿದಾಗ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಒಂದಷ್ಟು ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಮತ್ತೆ ಅದನ್ನೇ ತರುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಎಲ್ಲದಕ್ಕೂ ಡಿಸ್ಕ್ ಅಳಿಸಿ ಫಾರ್ಮ್ಯಾಟ್ ಹೊಡೆಯುವುದು ರೋಗ ಗೊತ್ತಿಲ್ಲದವರು ಮಾಡುವ ವೈದ್ಯ. ಅದರಿಂದ ಮಕ್ಕಳ ನಾಮಕರಣದ ಫೋಟೊಗಳನ್ನೂ ತೀರಿಕೊಂಡ ತಂದೆಯ ಪತ್ರಗಳನ್ನೂ ಕಳೆದುಕೊಂಡವರು ನನ್ನ ಮುಂದೆ ಕೂತು ಅತ್ತಿದ್ದಾರೆ.

ಪರದೆಯ ಮೇಲೆ ಆಗಾಗ ರಿಫ್ರೆಶ್ ಕೊಟ್ಟರೆ ವೇಗ ಹೆಚ್ಚುತ್ತದೆಯೆ? (ವಿರಾಜಪೇಟೆ)

ಇಲ್ಲ, ಐಕಾನುಗಳನ್ನು ಮತ್ತೊಮ್ಮೆ ಬಿಡಿಸುತ್ತದೆ ಅಷ್ಟೆ.

ಸ್ಪೈಕ್ ಗಾರ್ಡ್ ಇದ್ದರೆ ಸಿಡಿಲಿಗೆ ಹೆದರಬೇಕಾಗಿಲ್ಲವೆ? (ಮಡಿಕೇರಿ)

ಹೆದರಲೇಬೇಕು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ದಿನಗಳಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಿ. ಹೋದ ಕರೆಂಟ್ ಬಂದ ಕೂಡಲೇ ಆನ್ ಮಾಡದೆ ಐದು ನಿಮಿಷ ತಡೆಯಿರಿ.

ಪರದೆ ತುಂಬ ಎಚ್ಚರಿಕೆ ಬಂದು, ಮೈಕ್ರೋಸಾಫ್ಟಿನದೆಂದು ಹೇಳುವ ಫೋನ್ ನಂಬರ್ ತೋರಿಸುತ್ತಿದೆ. ಕರೆ ಮಾಡಲೆ? (ಶನಿವಾರಸಂತೆ)

ಮಾಡಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತರಬೇಡಿ. ಈಗಾಗಲೇ ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್ (ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ತಂತ್ರಾಂಶ) ಹಾಕಿಕೊಂಡಿದ್ದರೆ ಮೊದಲು ಇಂಟರ್‌ನೆಟ್ ತಂತಿ ಕೀಳಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಬೆಳಗಿನವರೆಗೆ ಕಾಯದೆ, ಆ ಗಳಿಗೆಯಲ್ಲಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.