ಕೆಲಸದ ಜೊತೆ ಬಿಸಿನೆಸ್ ಪಿಜಿ ಸರ್ಟಿಫಿಕೇಟ್ ಓದಿದರೆ ಉಪಯೋಗ ಇದೆಯಾ?

ಹಾಸನದ ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ದುಡಿದು ಈಗ ಫ್ಲೋರ್ ಇನ್‌ಚಾರ್ಜ್ ಆಗಿದ್ದೀರಿ. ಎಂಬಿಎಗೆ ಎರಡು ವರ್ಷ ಕೊಡಲು ಆಗುವುದಿಲ್ಲ, ಪಿಜಿ ಸರ್ಟಿಫಿಕೇಟ್ (ಡಿಗ್ರಿ ಆದಮೇಲೆ ಓದುವ ಸಣ್ಣ ಕೋರ್ಸ್) ಸಾಕಾ ಅಂತ ಕೇಳಿದ್ದೀರಿ. ನಾನು ಓದಿದ್ದೇನೆ, ನನಗಂತೂ ತುಂಬಾ ಉಪಯೋಗ ಆಯಿತು.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೇನೆ. ಬಿಎಸ್ಸಿ ಮುಗಿಸಿ ಸೇರಿದವನು. ಹಲ್ಲಿಂಗ್ (ಬೀಜದ ಸಿಪ್ಪೆ ತೆಗೆಯುವುದು), ಗ್ರೇಡಿಂಗ್, ಗಾರ್ಬ್ಲಿಂಗ್ (ಕೆಟ್ಟ ಬೀಜ ಆರಿಸಿ ತೆಗೆಯುವುದು) ಎಲ್ಲಾ ಕೈಗೆ ಹತ್ತಿತ್ತು. ಆದರೆ ಮೀಟಿಂಗ್‌ನಲ್ಲಿ ಬ್ಯಾಲೆನ್ಸ್ ಶೀಟ್ ತೆರೆದರೆ ಏನೂ ತಿಳಿಯುತ್ತಿರಲಿಲ್ಲ.

ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯವಹಾರ ನಡೆಸಲು ಬೇಕಾದ ದುಡ್ಡು) ಪಾಠ ಬಂದ ವಾರ, ನಮ್ಮ ಗೋಡೌನಿನಲ್ಲಿದ್ದ, ಕಂಪನಿಯೇ ಖರೀದಿಸಿದ ಕಾಫಿಯ ಲೆಕ್ಕವನ್ನೇ ಹಾಕಿ ನೋಡಿದೆ. 50 ಕೆಜಿಯ 200 ಮೂಟೆ, ಅಂದರೆ 10 ಟನ್. ಕೆಜಿಗೆ 300 ರೂಪಾಯಿ ಹಿಡಿದರೂ 30 ಲಕ್ಷ. ಸಾಲದ ಬಡ್ಡಿ ವರ್ಷಕ್ಕೆ ಶೇ 12 ಆದರೆ ತಿಂಗಳಿಗೆ 30 ಸಾವಿರ! ಗಾರ್ಬ್ಲಿಂಗ್ ತಡವಾಗಿ ಆ ಲಾಟ್ ಒಂದು ತಿಂಗಳು ಸುಮ್ನೆ ಕೂತರೆ ಅಷ್ಟು ದುಡ್ಡು ಹೋಯಿತು ಅಲ್ವಾ? ಮಾರನೇ ದಿನವೇ ಪ್ರತಿ ಲಾಟ್‌ಗೂ ಬಂದ ತಾರೀಖಿನ ಚೀಟಿ ಕಟ್ಟಿಸಿದೆ. ನಿಮ್ಮಲ್ಲಿ ಕಟಿಂಗ್ ಆಗಿ ಲೈನಿಗೆ ಹೋಗದೆ ಬಿದ್ದಿರುವ ಬಂಡಲ್‌ಗಳಿಗೂ ಇದೇ ಲೆಕ್ಕ ಹಾಕಿ ನೋಡಿ.

ಎಚ್‌ಆರ್ ಪೇಪರ್ ಅಷ್ಟು ಹಿಡಿಸಲಿಲ್ಲ. ಗಾರ್ಬ್ಲಿಂಗ್ ಹೆಂಗಸರ ಪಕ್ಕ ಕೂತು ಮಾತಾಡಿದ್ದರಲ್ಲೇ ಜಾಸ್ತಿ ಕಲಿತೆ.

ಒಂದು ವಿಷಯ ಮಾತ್ರ ಮೊದಲೇ ತಿಳಿದುಕೊಳ್ಳಿ. ಇದು ಎಂಬಿಎ ಡಿಗ್ರಿಗೆ ಸಮ ಅಲ್ಲ. ಬಡ್ತಿಗೆ ಎಂಬಿಎ ಬೇಕೇ ಬೇಕು ಅಂತ ನಿಮ್ಮ ಕಂಪನಿಯಲ್ಲಿ ನಿಯಮ ಇದ್ದರೆ, ಇಗ್ನೋ ಅಥವಾ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಿ.

ಫೀಸ್ ಕಟ್ಟುವ ಮುಂಚೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ 'ಸ್ವಯಂ' (SWAYAM) ವೆಬ್‌ಸೈಟಿನಲ್ಲಿ ಐಐಎಂ ಬೆಂಗಳೂರಿನ ಕೋರ್ಸ್ ಒಂದನ್ನು ಓದಿ ನೋಡಿ. ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಫೀಸ್. ನಾನು ಹಾಗೆ ಮಾಡದೆ ಮೊದಲು ಒಂದು ಕಡೆ ದುಡ್ಡು ಕಟ್ಟಿದೆ. ಅಲ್ಲಿ ಬರೀ ವಿಡಿಯೋ. ಅಸೈನ್‌ಮೆಂಟ್ ಇಲ್ಲ, ಪ್ರಶ್ನೆ ಕೇಳಿದರೆ ಉತ್ತರ ಇಲ್ಲ. ಬಿಟ್ಟು ಬೇರೆ ಕಡೆ ಸೇರಬೇಕಾಯಿತು. ಅಸೈನ್‌ಮೆಂಟ್ ತಿದ್ದಿ ಕೊಡುತ್ತಾರಾ ಅಂತ ತಪ್ಪದೆ ಕೇಳಿ.

ಇನ್ನು, ನಿಮ್ಮಲ್ಲಿ ಶಿಪ್‌ಮೆಂಟ್ ಒತ್ತಡ ಯಾವ ತಿಂಗಳು ಅಂತ ನೋಡಿಕೊಂಡು ಬ್ಯಾಚ್ ಹಿಡಿಯಿರಿ. ನನ್ನ ಮೊದಲ ಪರೀಕ್ಷೆ ಜನವರಿಯಲ್ಲಿ ಬಿತ್ತು. ತೋಟಗಳಿಂದ ಕಾಫಿ ಬರುವ ಕಾಲ. ರಾತ್ರಿ ಹತ್ತಕ್ಕೆ ಲಾರಿ ಇಳಿಸಿ ಮನೆಗೆ ಬಂದು ಪುಸ್ತಕ ತೆರೆಯಬೇಕಿತ್ತು.